ಗಂಟಲ ಗ್ರಂಥಿಯ ಗೋಳಿಗೆ ಕಿವಿಗೊಟ್ಟವರು

ನಂಜನಗೂಡಿನ ದೇವರಿಗೆ ಎರಡು ಹೆಸರು. ಜನ ಬಾಯಿತುಂಬ ಕರೆಯುವುದು ನಂಜುಂಡ ಎಂದು. ಗುಡಿಯ ಹೆಸರು ಶ್ರೀಕಂಠೇಶ್ವರ. ಎರಡರ ಹಿಂದಿರುವುದೂ ಒಂದೇ ಕಥೆ. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಶಿವ ಕುಡಿದ. ಆ ನಂಜು ಹೊಟ್ಟೆಗಿಳಿಯದೆ ಕಂಠದಲ್ಲೇ ನಿಂತಿತು. ಈ ದೇವರು ರೋಗ ಕಳೆಯುವವನೆಂಬ ನಂಬಿಕೆ ಬಹಳ ಹಳೆಯದು. ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುವವರಲ್ಲಿ ಕಾಯಿಲೆಗಾಗಿ ಹರಕೆ ಹೊತ್ತವರು ಇಂದಿಗೂ ಇರುತ್ತಾರೆ. ತನ್ನ ಆನೆಯ ಕಣ್ಣು ವಾಸಿಯಾದಾಗ ಟಿಪ್ಪು ಸುಲ್ತಾನ್ ಈ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬುದು ಐತಿಹ್ಯ. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯೂ ಇದೇ ಊರಿನದು. ಅದರ ಹಲ್ಲುಪುಡಿಯಿಂದಾಗಿ ನಂಜನಗೂಡಿನ ಹೆಸರು ನಾಡಿನ ಮನೆಮನೆಯ ಬಚ್ಚಲನ್ನೂ ತಲುಪಿತು.

ವೈದ್ಯಕ್ಕೆ ಇಷ್ಟು ಹೆಸರಾದ ಸೀಮೆಯಲ್ಲೂ ಕಂಠದ ಒಂದು ಕಾಯಿಲೆ ಕಿವಿಗೊಡುವವರಿಲ್ಲದೆ ವರ್ಷಗಟ್ಟಲೆ ಉಳಿದುಬಿಡುವುದುಂಟು. ಅದು ಥೈರಾಯ್ಡ್ ಗ್ರಂಥಿಯ ಕಾಯಿಲೆ. ಗಂಟಲಮಣಿಯ ಕೆಳಗೆ ಚಿಟ್ಟೆಯ ಆಕಾರದಲ್ಲಿ ಹರಡಿಕೊಂಡಿರುವ ಈ ಗ್ರಂಥಿಯ ತೂಕ ಸುಮಾರು 20 ಗ್ರಾಂ. ಆದರೆ ಅದು ಸ್ರವಿಸುವ ಹಾರ್ಮೋನು ದೇಹದ ಹೆಚ್ಚುಕಡಿಮೆ ಎಲ್ಲ ಅಂಗಗಳ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಸ್ರಾವ ಕಡಿಮೆಯಾದರೆ ಹೃದಯ ನಿಧಾನ, ಕರುಳು ನಿಧಾನ, ಯೋಚನೆಯೂ ನಿಧಾನ. ಮೈ ಭಾರವಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಚಳಿ ತಡೆಯದಾಗುತ್ತದೆ, ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ದನಿ ಗಡುಸಾಗುತ್ತದೆ, ಮುಟ್ಟು ಏರುಪೇರಾಗುತ್ತದೆ, ಮರೆವು ಕಾಡುತ್ತದೆ. ಸ್ರಾವ ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಎಷ್ಟು ಉಂಡರೂ ಮೈ ಇಳಿಯುತ್ತದೆ.

ತೊಡಕು ಇರುವುದು ಇಲ್ಲೇ. ಗ್ರಂಥಿ ಇರುವುದು ಗಂಟಲಲ್ಲಿ, ದೂರು ಹುಟ್ಟುವುದು ಬೇರೆಲ್ಲೋ. ನಂಜನಗೂಡಿನ ಪೇಟೆಯಲ್ಲೋ ತಿ. ನರಸೀಪುರದ ಗದ್ದೆ ಬಯಲಿನಲ್ಲೋ ದುಡಿಯುವ ಹೆಂಗಸು ವೈದ್ಯರ ಮುಂದೆ ಗಂಟಲು ಮುಟ್ಟಿ ತೋರಿಸುವುದಿಲ್ಲ. ‘ತುಂಬಾ ಸುಸ್ತು ಸಾರ್, ಮೈಕೈ ನೋವು, ಏನೂ ಮಾಡೋಕಾಗಲ್ಲ’ ಎನ್ನುತ್ತಾಳೆ. ಈ ಮಾತಿಗೆ ಉತ್ತರಗಳು ಸಿದ್ಧವಾಗಿರುತ್ತವೆ: ರಕ್ತ ಕಮ್ಮಿ, ಗ್ಯಾಸ್ಟ್ರಿಕ್, ವಯಸ್ಸಾಯಿತು, ಚಿಂತೆ ಜಾಸ್ತಿ. ಒಂದು ಸೂಜಿ, ಒಂದು ಬಾಟಲಿ ಗ್ಲೂಕೋಸ್, ಒಂದು ಟಾನಿಕ್. ಮನೆಯಲ್ಲಿ ‘ಸೋಮಾರಿ’ ಎಂಬ ಬಿರುದು. ಮೂರು ತಿಂಗಳ ಬಳಿಕ ಮತ್ತೆ ಅದೇ ಸುಸ್ತು, ಅದೇ ಸೂಜಿ.

ಹಾಗಾದರೆ ಇಂಥ ದೂರನ್ನು ಗಂಭೀರವಾಗಿ ತೆಗೆದುಕೊಳ್ಳುವ ವೈದ್ಯರು ಸಿಗುವುದು ಎಲ್ಲಿ? ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಈ ಕಾಯಿಲೆಯ ಚರಿತ್ರೆ ಹೇಳುವುದೇ ಬೇರೆ. ಥೈರಾಯ್ಡ್ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ್ದು ಯಂತ್ರಗಳಲ್ಲ. ರೋಗಿ ಮೊದಲು ಹೇಗಿದ್ದಳು, ಈಗ ಹೇಗಾಗಿದ್ದಾಳೆ ಎಂಬುದನ್ನು ಗಮನಿಸಿದ ವೈದ್ಯರು. ಅವರಲ್ಲಿ ಕೆಲವರು ಸಣ್ಣ ಊರಿನವರು. ಈ ಚರಿತ್ರೆಯಿಂದ ನಮ್ಮ ತಾಲ್ಲೂಕುಗಳು ಕಲಿಯಬೇಕಾದದ್ದು ಬಹಳವಿದೆ.

ಕಂಡ ಗಂಟು, ಕಾಣದ ಕಾಯಿಲೆ

ಗಂಟಲಲ್ಲಿ ಗಡ್ಡೆಯಾಗಿ ಎದ್ದು ಕಾಣುವ ಥೈರಾಯ್ಡ್ ಊತ ಜಗತ್ತಿಗೆ ಹೊಸದಲ್ಲ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ‘ಗಳಗಂಡ’ ಎಂಬ ಹೆಸರಿದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಇದರ ಲಕ್ಷಣಗಳ ವಿವರಣೆ ಸಿಗುತ್ತದೆ. ಯೂರೋಪಿನ ಆಲ್ಪ್ಸ್ ಪರ್ವತಗಳ ಹಳ್ಳಿಗಳಲ್ಲೂ ಹಿಮಾಲಯದ ತಪ್ಪಲಿನಲ್ಲೂ ಇದು ಊರಿಗೆ ಊರೇ ಹೊತ್ತ ಕಾಯಿಲೆಯಾಗಿತ್ತು. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಕಡಲಕಳೆಯ ಬೂದಿಯಿಂದ ಅಯೋಡಿನ್ ಎಂಬ ಮೂಲವಸ್ತುವನ್ನು ಕಂಡುಹಿಡಿದ. 1820ರಲ್ಲಿ ಜಿನೀವಾದ ಕ್ವಾಂದೆ ಅದನ್ನು ಗಳಗಂಡಕ್ಕೆ ಮದ್ದಾಗಿ ಬಳಸಿದ.

ಗಂಟು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಅದಕ್ಕೆ ವೈದ್ಯವೂ ಹುಟ್ಟಿತು. ಗಂಟೇ ಇಲ್ಲದೆ ಗ್ರಂಥಿ ಒಳಗೊಳಗೇ ಸೊರಗಿದವರ ಪಾಡೇನು? ಅವರ ದೂರನ್ನು ಮೊದಲು ದಾಖಲಿಸಿದವರಲ್ಲಿ ಲಂಡನ್ನಿನ ಸರ್ ವಿಲಿಯಂ ಗಲ್ ಪ್ರಮುಖ. 1873ರಲ್ಲಿ ಆತ ವೈದ್ಯರ ಸಭೆಯೊಂದರಲ್ಲಿ ಕೆಲವು ಮಹಿಳೆಯರ ಸ್ಥಿತಿಯನ್ನು ವಿವರಿಸಿದ. ನಡುವಯಸ್ಸಿನಲ್ಲಿ ಅವರು ತಮಗೇ ತಿಳಿಯದಂತೆ ಜಡವಾಗುತ್ತ ಹೋಗಿದ್ದರು. ಮುಖ ದುಂಡಗಾಗಿ ಊದಿತ್ತು, ಮಾತು ತೊದಲುತ್ತಿತ್ತು, ಚುರುಕಾಗಿದ್ದ ಮನಸ್ಸು ಮಂದವಾಗಿತ್ತು. ಇದಕ್ಕೆ ಥೈರಾಯ್ಡ್ ಕಾರಣವೆಂದು ಗಲ್‌ಗೆ ಗೊತ್ತಿರಲಿಲ್ಲ. ಅದನ್ನು ಪರೀಕ್ಷಿಸುವ ಸಾಧನವೂ ಇರಲಿಲ್ಲ. ಆದರೆ ‘ಇದು ವಯಸ್ಸಿನ ಆಲಸ್ಯವಲ್ಲ, ಒಂದು ರೋಗ’ ಎಂದು ಗುರುತಿಸಿದ್ದೇ ದೊಡ್ಡ ಮಾತು. ಐದು ವರ್ಷದ ಬಳಿಕ, 1878ರಲ್ಲಿ, ವಿಲಿಯಂ ಆರ್ಡ್ ಈ ಸ್ಥಿತಿಗೆ ‘ಮಿಕ್ಸಿಡೀಮ’ ಎಂಬ ಹೆಸರು ಕೊಟ್ಟ.

ಗ್ರಂಥಿ ಹೆಚ್ಚು ಸ್ರವಿಸುವ ಕಾಯಿಲೆಯ ಕಥೆಯೂ ಹೀಗೆಯೇ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ ಎದೆಬಡಿತ ಮತ್ತು ಗಂಟಲ ಊತ ಒಟ್ಟಿಗೆ ಇದ್ದ ಮಹಿಳೆಯರ ಬಗ್ಗೆ ಬರೆದ. ಅವನ ಬರಹದಲ್ಲಿ ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳ ಪ್ರಸ್ತಾಪವಿದೆ. ಅವಳ ಲಕ್ಷಣಗಳನ್ನು ಮೊದಲು ಹಿಸ್ಟೀರಿಯಾ ಎಂದೇ ಬಗೆಯಲಾಗಿತ್ತು. ಹೆಣ್ಣಿನ ದೂರು ಎಂದರೆ ಮನಸ್ಸಿನ ದೂರು ಎಂದುಕೊಳ್ಳುವ ಚಾಳಿ ಎಷ್ಟು ಹಳೆಯದು ಎಂಬುದಕ್ಕೆ ಇದೊಂದು ಸಾಕ್ಷಿ.

ಹಳ್ಳಿವೈದ್ಯನ ಮಾತು

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಖರ್ ಆ ಕಾಲದ ಹೆಸರಾಂತ ಶಸ್ತ್ರವೈದ್ಯ. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಸುರಿದು ಸಾಯುವವರೇ ಹೆಚ್ಚಾಗಿದ್ದ ದಿನಗಳಲ್ಲಿ ಆತ ನಾಜೂಕಾಗಿ ಗ್ರಂಥಿಯನ್ನು ಪೂರ್ತಿ ತೆಗೆಯುವ ವಿಧಾನ ರೂಢಿಸಿಕೊಂಡಿದ್ದ. 1874ರಲ್ಲಿ 11 ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಹೀಗೆ ತೆಗೆದ. ಗಾಯ ಮಾಯಿತು; ಶಸ್ತ್ರವೈದ್ಯನ ಲೆಕ್ಕದಲ್ಲಿ ಚಿಕಿತ್ಸೆ ಯಶಸ್ವಿ.

ಆದರೆ ಆ ಹುಡುಗಿಯನ್ನು ಅವನ ಬಳಿಗೆ ಕಳಿಸಿದ್ದ ಫೆಚರೀನ್ ಎಂಬ ಸಾಮಾನ್ಯ ವೈದ್ಯನ ಲೆಕ್ಕ ಬೇರೆಯಾಗಿತ್ತು. ಅವಳು ಮೊದಲು ಹೇಗಿದ್ದಳೆಂದು ಅವನು ಕಂಡಿದ್ದ. ಚಟುವಟಿಕೆಯ ಹುಡುಗಿ ಶಸ್ತ್ರಚಿಕಿತ್ಸೆಯ ಬಳಿಕ ಮಂಕಾಗಿ, ಬೆಳವಣಿಗೆ ಕುಂಠಿತವಾದದ್ದನ್ನು ಗಮನಿಸಿ ಕೋಖರ್‌ಗೆ ತಿಳಿಸಿದ. ಆ ಮಾತಿಗೆ ಕೂಡಲೇ ಬೆಲೆ ಬರಲಿಲ್ಲ. 1882ರಲ್ಲಿ ಜಿನೀವಾದ ರೆವರ್ಡಿನ್ ಎಂಬ ಶಸ್ತ್ರವೈದ್ಯನೂ ತನ್ನ ರೋಗಿಗಳಲ್ಲಿ ಇಂಥದೇ ಬದಲಾವಣೆ ಕಂಡೆನೆಂದು ಹೇಳಿದ ಮೇಲೆ ಕೋಖರ್ ಎಚ್ಚೆತ್ತ. ಹಳೆಯ ರೋಗಿಗಳನ್ನು ಮತ್ತೆ ಕರೆಸಿ ನೋಡಿದ. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಅದೇ ಸ್ಥಿತಿಗೆ ಬಂದಿದ್ದರು. 1883ರಲ್ಲಿ ತನ್ನ ಶಸ್ತ್ರಚಿಕಿತ್ಸೆಯ ಈ ದುಷ್ಪರಿಣಾಮವನ್ನು ಆತ ಶಸ್ತ್ರವೈದ್ಯರ ಸಭೆಯಲ್ಲಿ ಬಹಿರಂಗವಾಗಿ ಹೇಳಿದ. ಥೈರಾಯ್ಡ್ ಕುರಿತ ಕೆಲಸಕ್ಕಾಗಿ 1909ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹಿಂದೆ, ರೋಗಿಯನ್ನು ಮೊದಲಿನಿಂದ ಬಲ್ಲ ಒಬ್ಬ ಸಾಮಾನ್ಯ ವೈದ್ಯನ ಮಾತೂ ಇತ್ತೆಂಬುದನ್ನು ಮರೆಯುವಂತಿಲ್ಲ.

1883ರಲ್ಲೇ ಲಂಡನ್ನಿನಲ್ಲಿ ಫೆಲಿಕ್ಸ್ ಸೀಮನ್ ಎಂಬ ವೈದ್ಯ, ಗಲ್ ಕಂಡ ಮಹಿಳೆಯರ ಜಡತೆಯೂ ಕೋಖರನ ರೋಗಿಗಳ ಸ್ಥಿತಿಯೂ ಹುಟ್ಟಿನಿಂದ ಬರುವ ಬುದ್ಧಿಮಾಂದ್ಯದ ಒಂದು ಬಗೆಯೂ ಒಂದೇ ಮೂಲದವು, ಅದು ಥೈರಾಯ್ಡ್ ಗ್ರಂಥಿಯ ಲೋಪ ಎಂದಾಗ ಸಭೆಯಲ್ಲಿ ನಗೆ ಎದ್ದಿತು. ನಕ್ಕವರೂ ಸೇರಿ ಒಂದು ಸಮಿತಿ ಮಾಡಿದರು. 1888ರಲ್ಲಿ ಆ ಸಮಿತಿ ನೂರಕ್ಕೂ ಹೆಚ್ಚು ರೋಗಿಗಳ ವಿವರ ಪರಿಶೀಲಿಸಿ ಕೊಟ್ಟ ವರದಿ ಸೀಮನ್‌ನ ಮಾತನ್ನೇ ಎತ್ತಿಹಿಡಿಯಿತು.

ಕುರಿಯಿಂದ ಬಂದ ಮದ್ದು

ಗ್ರಂಥಿಯ ರಸ ಸಾಲದೆ ಬಂದ ಕಾಯಿಲೆಗೆ ಆ ರಸವನ್ನೇ ಕೊಟ್ಟರೆ ಹೇಗೆ? 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಯುವ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ರಸ ತೆಗೆದು 46 ವರ್ಷದ ಮಹಿಳೆಯೊಬ್ಬಳಿಗೆ ಚುಚ್ಚಿದ. ಕೆಲವೇ ವಾರಗಳಲ್ಲಿ ಊತ ಇಳಿಯಿತು, ಮಾತು ಚುರುಕಾಯಿತು, ಮನೆಗೆಲಸಕ್ಕೆ ಮರಳಿದಳು. ಮರುವರ್ಷವೇ ಈ ಔಷಧವನ್ನು ಬಾಯಿಯ ಮೂಲಕ ಕೊಟ್ಟರೂ ಸಾಕೆಂಬುದು ತಿಳಿದುಬಂತು. ಆ ಮಹಿಳೆ ಮತ್ತೆ 28 ವರ್ಷ ಬಾಳಿ 1919ರಲ್ಲಿ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಅವಳಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿರಸ ಬೇಕಾಯಿತೆಂದು ಮರ್ರೆ ಲೆಕ್ಕ ಬರೆದಿಟ್ಟಿದ್ದಾನೆ.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದೂ 1891ರಲ್ಲೇ. ಇನ್ನು ಕುರಿಗೆ ಹೆಸರಾದ ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ಬನ್ನೂರು ಕುರಿಯ ಗಂಟಲಲ್ಲಿ ಇರುವುದೂ ನ್ಯೂಕ್ಯಾಸಲ್ ಕುರಿಯ ಗಂಟಲಲ್ಲಿ ಇದ್ದದ್ದೂ ನಮ್ಮ ನಿಮ್ಮ ಗಂಟಲಲ್ಲಿರುವುದೂ ಒಂದೇ ಹಾರ್ಮೋನು. ಇದನ್ನು 1914ರ ಡಿಸೆಂಬರ್ 25ರಂದು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಹರಳಿನ ರೂಪದಲ್ಲಿ ಬೇರ್ಪಡಿಸಿ ‘ಥೈರಾಕ್ಸಿನ್’ ಎಂದು ಕರೆದ. 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಪುಟ್ಟ ಬಿಳಿ ಗುಳಿಗೆಯ ವಂಶವೃಕ್ಷ ಇದು. ಅಂದರೆ ಮದ್ದು ಸಿಕ್ಕಿ 130 ವರ್ಷ ದಾಟಿದೆ. ಇನ್ನೂ ಎಡವುತ್ತಿರುವುದು ಮದ್ದು ಯಾರಿಗೆ ಬೇಕೆಂದು ಗುರುತಿಸುವಲ್ಲಿ.

ಕೂನೂರಿನ ದಾರಿ

ನಂಜನಗೂಡು ದಾಟಿ ಗುಂಡ್ಲುಪೇಟೆ, ಬಂಡೀಪುರದ ಮೇಲೆ ಹಾದು ಊಟಿಗೆ ಹೋಗುವ ರಸ್ತೆ ಎಲ್ಲರಿಗೂ ಪರಿಚಿತ. ಊಟಿಯಿಂದ ಮುಂದಿರುವ ಕೂನೂರು ಭಾರತದ ಥೈರಾಯ್ಡ್ ಸಂಶೋಧನೆಯ ಚರಿತ್ರೆಯಲ್ಲಿ ಮುಖ್ಯವಾದ ಊರು. ರಾಬರ್ಟ್ ಮೆಕ್ಯಾರಿಸನ್ ಎಂಬ ಸೇನಾ ವೈದ್ಯ 20ನೆಯ ಶತಮಾನದ ಆರಂಭದಲ್ಲಿ ಗಿಲ್ಗಿಟ್ ಕಣಿವೆಯಲ್ಲಿ ಗಳಗಂಡವನ್ನು ಅಧ್ಯಯನ ಮಾಡಿದ್ದ. ಅಲ್ಲಿನ ನೀರಿನ ಗಸಿಯನ್ನು ತಾನೂ ಕುಡಿದು, ಒಪ್ಪಿ ಮುಂದೆ ಬಂದವರಿಗೂ ಕುಡಿಸಿ ಪ್ರಯೋಗ ನಡೆಸಿದ. ಕಲುಷಿತ ನೀರೇ ಕಾರಣವೆಂಬ ಅವನ ತೀರ್ಮಾನ ಪೂರ್ತಿ ಸರಿಯಾಗಿರಲಿಲ್ಲ. ಮುಖ್ಯ ಕಾರಣ ಅಯೋಡಿನ್ ಕೊರತೆ ಎಂಬುದು ಮುಂದೆ ಖಚಿತವಾಯಿತು. 1917ರಲ್ಲಿ ಥೈರಾಯ್ಡ್ ಕುರಿತು ಪುಸ್ತಕ ಬರೆದ ಈತ, ಬಳಿಕ ಕೂನೂರಿನಲ್ಲಿ ಕಟ್ಟಿ ಬೆಳೆಸಿದ ಆಹಾರ ಸಂಶೋಧನಾ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ.

ಕೂನೂರಿನ ಪ್ರಯೋಗಾಲಯದಲ್ಲೇ ಕೆಲಸ ಮಾಡಿದ್ದ ಡಾ. ವಿ. ರಾಮಲಿಂಗಸ್ವಾಮಿ 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ ದೊಡ್ಡ ಪ್ರಯೋಗವೊಂದನ್ನು ಕೈಗೊಂಡರು. ಕಣಿವೆಯನ್ನು ಮೂರು ವಲಯ ಮಾಡಿ, ಎರಡು ಕಡೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ಕಡೆ ಬರಿಯ ಉಪ್ಪು ಹಂಚಿಸಿದರು. ಐದಾರು ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ವಲಯಗಳ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿದಿತ್ತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1992ರಲ್ಲಿ ಅದರ ಹೆಸರು ರಾಷ್ಟ್ರೀಯ ಅಯೋಡಿನ್ ಕೊರತೆ ರೋಗಗಳ ನಿಯಂತ್ರಣ ಕಾರ್ಯಕ್ರಮ ಎಂದಾಯಿತು. ಊಟಕ್ಕೆ ಬಳಸುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕೆಂಬ ನಿಯಮ 2006ರಿಂದ ದೇಶಾದ್ಯಂತ ಜಾರಿಯಲ್ಲಿದೆ.

ಹೀಗೆ ಕಣ್ಣಿಗೆ ಕಾಣುವ ಗಂಟಿನ ವಿರುದ್ಧ ಸರ್ಕಾರ ಹೋರಾಡಿತು, ಬಹುಮಟ್ಟಿಗೆ ಗೆದ್ದಿತು. ಆದರೆ ಉಪ್ಪಿಗೆ ಬಗ್ಗದ ಇನ್ನೊಂದು ಥೈರಾಯ್ಡ್ ಕಾಯಿಲೆ ಇದೆ. ಇಂದು ನಮ್ಮ ಊರುಗಳ ದವಾಖಾನೆಗಳಿಗೆ ಸುಸ್ತಿನ ವೇಷದಲ್ಲಿ ಬರುವುದು ಹೆಚ್ಚಾಗಿ ಅದೇ.

ಪಟ್ಟಣದ ವೈದ್ಯನಾದ ಸಂಶೋಧಕ

ಈ ಕಾಯಿಲೆಗೆ ಹಶಿಮೊಟೊ ಎಂಬ ಜಪಾನಿ ಹೆಸರಿದೆ. ಹಕಾರು ಹಶಿಮೊಟೊ ಎಂಬ ಯುವ ಶಸ್ತ್ರವೈದ್ಯ 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳೊಳಗೆ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದುದನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ವರ್ಣಿಸಿದ. ಬಹುಕಾಲ ಅದನ್ನು ಯಾರೂ ದೊಡ್ಡದಾಗಿ ಗಮನಿಸಲಿಲ್ಲ. ಹಶಿಮೊಟೊ ತನ್ನ ಹುಟ್ಟೂರಿಗೆ ಮರಳಿ ಸಾಮಾನ್ಯ ವೈದ್ಯನಾಗಿ ನಿಂತ. 1934ರಲ್ಲಿ ವಿಷಮಶೀತಜ್ವರಕ್ಕೆ ಬಲಿಯಾದ. ಆ ಜ್ವರ ತಗುಲಿದ್ದು ರೋಗಿಯೊಬ್ಬರಿಂದ. ದೇಹದ ರಕ್ಷಣೆಗಾಗಿ ಇರುವ ಕಣಗಳೇ ತಮ್ಮ ಗ್ರಂಥಿಯ ಮೇಲೆ ತಿರುಗಿಬೀಳುವುದರಿಂದ ಈ ಕಾಯಿಲೆ ಬರುತ್ತದೆಂಬುದು ಸಿದ್ಧವಾದದ್ದು 1956ರಲ್ಲಿ. ಆಗ ಅವನು ತೀರಿಕೊಂಡು 22 ವರ್ಷವಾಗಿತ್ತು.

ಈ ಕಾಯಿಲೆ ಬರುವುದು ನಿಧಾನವಾಗಿ, ಹೆಂಗಸರಲ್ಲಿ ಹೆಚ್ಚಾಗಿ. ಬೆಂಗಳೂರೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ 5 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಶೇ. 11ರಷ್ಟು ಜನರಲ್ಲಿ ಥೈರಾಯ್ಡ್ ಸ್ರಾವ ಕಡಿಮೆಯಿತ್ತು. ಗಂಡಸರಲ್ಲಿ ಇದು ಶೇ. 5ರಷ್ಟಿದ್ದರೆ ಹೆಂಗಸರಲ್ಲಿ ಸುಮಾರು ಶೇ. 16. ಕಾಯಿಲೆ ಇದ್ದವರಲ್ಲಿ ಮೂರರಲ್ಲಿ ಒಬ್ಬರಿಗೆ ಪರೀಕ್ಷೆಯವರೆಗೂ ತಮಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಇದು ಪ್ರಯೋಗಾಲಯಗಳು ಬೀದಿಗೊಂದರಂತೆ ಇರುವ ಮಹಾನಗರಗಳ ಲೆಕ್ಕ.

ನೀರುಗಂಟಿಯೂ ರೈತನೂ

1960ರ ಹೊತ್ತಿಗೆ ಅಮೆರಿಕದ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿರುವ ಹಾರ್ಮೋನಿನ ಅತಿಸೂಕ್ಷ್ಮ ಪ್ರಮಾಣವನ್ನು ಅಳೆಯುವ ವಿಧಾನ ರೂಪಿಸಿದರು. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. 1977ರಲ್ಲಿ ಯಾಲೊ ಅವರಿಗೆ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಈ ವಿಧಾನದಿಂದಲೇ ಇಂದು ಎಲ್ಲರ ಬಾಯಲ್ಲೂ ಇರುವ ‘ಟಿಎಸ್‌ಎಚ್’ ಪರೀಕ್ಷೆ ಹುಟ್ಟಿದ್ದು.

ಈ ಪರೀಕ್ಷೆಯನ್ನು ಹುಲ್ಲಹಳ್ಳಿ ಅಣೆಕಟ್ಟೆಯ ಕೆಳಗಿನವರಿಗೂ ಮಾಧವಮಂತ್ರಿ ಅಣೆಕಟ್ಟೆಯ ಕೆಳಗಿನವರಿಗೂ ಸುಲಭವಾಗಿ ವಿವರಿಸಬಹುದು. ನಾಲೆಯ ತೂಬು ನೋಡಿಕೊಳ್ಳುವ ನೀರುಗಂಟಿ ಥೈರಾಯ್ಡ್ ಗ್ರಂಥಿ ಎನ್ನೋಣ. ಗದ್ದೆಯ ಬದುವಿನಲ್ಲಿ ನಿಂತ ರೈತ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ನೀರು ಸಾಕಷ್ಟು ಬಂದರೆ ರೈತ ಸುಮ್ಮನಿರುತ್ತಾನೆ. ಕಡಿಮೆಯಾದರೆ ನೀರುಗಂಟಿಯನ್ನು ಕೂಗುತ್ತಾನೆ. ಇನ್ನೂ ಕಡಿಮೆಯಾದರೆ ಇನ್ನೂ ಗಟ್ಟಿಯಾಗಿ. ಆ ಕೂಗೇ ಟಿಎಸ್‌ಎಚ್. ಆದ್ದರಿಂದಲೇ ಥೈರಾಯ್ಡ್ ಸೊರಗಿದಾಗ ಟಿಎಸ್‌ಎಚ್ ಅಂಕಿ ಏರುತ್ತದೆ, ಥೈರಾಯ್ಡ್ ಅತಿಯಾದಾಗ ಇಳಿಯುತ್ತದೆ. ನೀರು ಬತ್ತುವ ಮೊದಲೇ ಕೂಗು ಕೇಳಿಸುವುದರಿಂದ ಕಾಯಿಲೆ ಬಲಿಯುವ ಮುಂಚೆಯೇ ಪತ್ತೆಯಾಗುತ್ತದೆ.

ಇದರಿಂದ ಆದ ಉಪಕಾರ ಸಣ್ಣದಲ್ಲ. 1949ರಲ್ಲಿ ಲಂಡನ್ನಿನ ರಿಚರ್ಡ್ ಆಶರ್ ಎಂಬ ವೈದ್ಯ, ಥೈರಾಯ್ಡ್ ಕೊರತೆಯಿಂದಲೇ ಬುದ್ಧಿಭ್ರಮಣೆಗೆ ಒಳಗಾಗಿದ್ದ 14 ರೋಗಿಗಳ ಬಗ್ಗೆ ಬರೆದಿದ್ದ. ಗ್ರಂಥಿಯ ಔಷಧ ಕೊಟ್ಟಾಗ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಹುಚ್ಚು ಎಂದು ಮೂಲೆಗೆ ತಳ್ಳಲ್ಪಟ್ಟವರಿಗೆ ಬೇಕಾಗಿದ್ದದ್ದು ಒಂದು ಗುಳಿಗೆ. ಇಂಥವರನ್ನು ಇಂದು ಒಂದು ಹನಿ ರಕ್ತದಿಂದ ಗುರುತಿಸಬಹುದು.

ಆದರೆ ಕೂಗನ್ನೇ ನಂಬಿ ಕೂತರೂ ಮೋಸವಾಗುತ್ತದೆ. ರೈತನ ಗಂಟಲೇ ಕಟ್ಟಿದ್ದರೆ? ಗದ್ದೆ ಒಣಗಿದ್ದರೂ ಕೂಗು ಕೇಳಿಸುವುದಿಲ್ಲ. 1937ರಲ್ಲಿ ಶೀಹನ್ ಎಂಬ ಬ್ರಿಟಿಷ್ ವೈದ್ಯ ವಿವರಿಸಿದ ಕಾಯಿಲೆ ಇಂಥದು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲಿ ಪಿಟ್ಯುಟರಿ ಗ್ರಂಥಿಯೇ ಹಾಳಾಗಬಹುದು. ಬಾಣಂತಿಗೆ ಹಾಲು ಬರುವುದಿಲ್ಲ, ಮತ್ತೆ ಮುಟ್ಟಾಗುವುದಿಲ್ಲ, ವರ್ಷಗಟ್ಟಲೆ ಸುಸ್ತು. ಅಂಥವರಲ್ಲಿ ಟಿಎಸ್‌ಎಚ್ ಅಂಕಿ ಸರಿಯಾಗಿಯೇ ಕಾಣಬಹುದು. ‘ಕೊನೆಯ ಹೆರಿಗೆ ಹೇಗಾಯಿತಮ್ಮ?’ ಎಂಬ ಒಂದು ಪ್ರಶ್ನೆ ಕೇಳದಿದ್ದರೆ ಯಾವ ಕಾಗದವೂ ಇದನ್ನು ಹೇಳಲಾರದು. ಅನುಮಾನ ಬಂದ ವೈದ್ಯರು ಟಿ-4 ಹಾರ್ಮೋನನ್ನೂ ಇತರ ಹಾರ್ಮೋನುಗಳನ್ನೂ ಪರೀಕ್ಷೆ ಮಾಡಿಸುತ್ತಾರೆ.

ಎಲ್ಲದಕ್ಕೂ ಥೈರಾಯ್ಡೇ ಕಾರಣವಲ್ಲ

ಇನ್ನೊಂದು ತುದಿಯ ತಪ್ಪೂ ಈಗ ನಡೆಯುತ್ತಿದೆ. ಅಂಕಿ ಚೂರು ಏರಿದ ಕೂಡಲೇ ಜೀವನಪೂರ್ತಿ ಗುಳಿಗೆ ಬರೆದುಕೊಡುವುದು ಅದು. ಸ್ವಲ್ಪ ಏರಿದ ಟಿಎಸ್‌ಎಚ್ ಎಷ್ಟೋ ಸಲ ಎರಡು ಮೂರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಂಕಿ 10 ದಾಟಿದ್ದರೆ, ಗರ್ಭಿಣಿಯಾಗಿದ್ದರೆ, ಲಕ್ಷಣಗಳು ಸ್ಪಷ್ಟವಾಗಿದ್ದರೆ ಮಾತು ಬೇರೆ. ಉಳಿದಂತೆ ಮರುಪರೀಕ್ಷೆ ಮಾಡಿ ನಿರ್ಧರಿಸುವುದು ವಿವೇಕ. ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ಖಿನ್ನತೆ, ನಿದ್ರೆಯಲ್ಲಿ ಉಸಿರು ಕಟ್ಟುವುದು ಇವೆಲ್ಲವೂ ಅದೇ ಸುಸ್ತನ್ನು ತರುತ್ತವೆ. ದೂರನ್ನು ಗಂಭೀರವಾಗಿ ತೆಗೆದುಕೊಳ್ಳುವುದೆಂದರೆ ರೋಗಿ ಹೇಳಿದ ಕಾಯಿಲೆಗೆಲ್ಲ ಹೂಂ ಎನ್ನುವುದಲ್ಲ. ಕಾರಣ ಸಿಗುವವರೆಗೆ ಹುಡುಕಾಟ ಬಿಡದಿರುವುದು.

ಗುಳಿಗೆ ಆರಂಭಿಸಿದ ಮೇಲೂ ಸುಸ್ತು ಹೋಗಲಿಲ್ಲವೆನ್ನುವವರು ಬಹಳ. ಅಲ್ಲಿ ನಮ್ಮ ಸೀಮೆಯ ಒಂದು ಅಭ್ಯಾಸವೂ ಪಾತ್ರ ವಹಿಸಬಹುದು. ಅದು ಬೆಳಗಿನ ಕಾಫಿ. ಥೈರಾಕ್ಸಿನ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ ಸೇವಿಸಬೇಕು. ಗುಳಿಗೆಯ ಹಿಂದೆಯೇ ಕಾಫಿ ಕುಡಿದರೆ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಂತೂ ಇದರ ಶತ್ರುಗಳು. ನಡುವೆ ನಾಲ್ಕು ಗಂಟೆಯ ಅಂತರವಿರಬೇಕು. ಗರ್ಭಿಣಿಯರಿಗೆ ಮೂರನ್ನೂ ಒಟ್ಟಿಗೆ ಕೊಟ್ಟು, ಯಾವಾಗ ಯಾವುದು ಎಂದು ಹೇಳದೆ ಕಳಿಸಿದರೆ ಔಷಧ ಇದ್ದೂ ಇಲ್ಲದಂತೆ. ಔಷಧದ ಪ್ರಮಾಣ ಬದಲಿಸಿದ ಮೇಲೆ ಅದರ ಫಲ ಪರೀಕ್ಷೆಯಲ್ಲಿ ಕಾಣಲು ಆರರಿಂದ ಎಂಟು ವಾರ ಬೇಕು. ಹತ್ತೇ ದಿನಕ್ಕೆ ಬೇಸತ್ತು ಬಿಡುವುದು ಸಲ್ಲದು.

ಹಾಗಾದರೆ ಯಾರ ಬಳಿಗೆ?

ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ., ತಿ. ನರಸೀಪುರದಿಂದ ಸುಮಾರು 30. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆಯೂ ಅಲ್ಲಿವೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ವಿದ್ಯಾಪೀಠ 1984ರಲ್ಲಿ ತೆರೆದ ಜೆಎಸ್‌ಎಸ್ ವೈದ್ಯಕೀಯ ಕಾಲೇಜೂ ಇದೆ. ತಜ್ಞರು ದೂರವಿಲ್ಲ. ಆದರೆ ಅಲ್ಲಿನ ಜನಜಂಗುಳಿಯಲ್ಲಿ ರೋಗಿಯ ಮುಖವನ್ನು ಮೊದಲ ಬಾರಿಗೆ ಕಾಣುವ ವೈದ್ಯರಿಗೆ, ಎರಡು ವರ್ಷದ ಹಿಂದೆ ಆ ಮುಖ ಹೇಗಿತ್ತೆಂದು ತಿಳಿಯುವುದು ಹೇಗೆ? ಅದು ಗೊತ್ತಿರುವುದು ಊರಿನ ಕುಟುಂಬ ವೈದ್ಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಗೆ, ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಗೆ. ಫೆಚರೀನ್ ಮಾಡಿದ ಕೆಲಸವನ್ನು ಮಾಡಬಲ್ಲವರು ಇವರೇ. ತಜ್ಞರ ಬಳಿ ಕಳಿಸುವಾಗ ‘ಸುಸ್ತು’ ಎಂದಷ್ಟೇ ಗೀಚದೆ, ಈಕೆ ಇಂತಿಂಥ ತಿಂಗಳಿನಿಂದ ಹೀಗೆ ಬದಲಾಗಿದ್ದಾಳೆ ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ದೂರನ್ನು ಗಂಭೀರವಾಗಿ ತೆಗೆದುಕೊಳ್ಳುವ ವೈದ್ಯರನ್ನು ಗುರುತಿಸುವುದು ಕಷ್ಟವಲ್ಲ. ಅವರು ‘ಯಾವಾಗಿನಿಂದ?’ ಎಂದು ಕೇಳುತ್ತಾರೆ. ಗಂಟಲು ಮುಟ್ಟಿ, ನೀರು ನುಂಗಿಸಿ ನೋಡುತ್ತಾರೆ. ನಾಡಿ ಎಣಿಸುತ್ತಾರೆ, ಕಾಲಿನ ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ಪಾದ ಎಷ್ಟು ನಿಧಾನ ಮರಳುತ್ತದೆಂದು ಗಮನಿಸುತ್ತಾರೆ. ಮುಟ್ಟು, ಹೆರಿಗೆ, ಮನೆಯಲ್ಲಿ ಬೇರೆಯವರಿಗೆ ಥೈರಾಯ್ಡ್ ಇದೆಯೇ ಎಂದು ವಿಚಾರಿಸುತ್ತಾರೆ. ರಕ್ತಪರೀಕ್ಷೆ ಬರೆದುಕೊಡುತ್ತಾರೆ, ಅದರಲ್ಲಿ ಎಲ್ಲ ಸರಿಯಿದೆ ಎಂದು ಬಂದರೆ ‘ನಿಮಗೇನೂ ಇಲ್ಲ, ಹೋಗಿ’ ಎನ್ನದೆ, ‘ಹಾಗಾದರೆ ಬೇರೆ ಏನಿರಬಹುದು ನೋಡೋಣ’ ಎನ್ನುತ್ತಾರೆ. ಮತ್ತೆ ಯಾವಾಗ ಬರಬೇಕೆಂದು ದಿನ ಹೇಳುತ್ತಾರೆ.

ರೋಗಿಯ ಕೆಲಸವೂ ಉಂಟು. ಹಳೆಯ ಚೀಟಿಗಳನ್ನೂ ಪರೀಕ್ಷೆಯ ಕಾಗದಗಳನ್ನೂ ತಾರೀಖಿನಂತೆ ಜೋಡಿಸಿ ಒಂದೇ ಕಡೆ ಇಡುವುದು. ಲಕ್ಷಣಗಳನ್ನು, ಅವು ಶುರುವಾದ ತಿಂಗಳನ್ನು, ಮನೆಯ ಮಕ್ಕಳ ಕೈಯಲ್ಲಾದರೂ ಬರೆಸಿಕೊಳ್ಳುವುದು. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು. ಮಾತು, ನಡಿಗೆ, ಮರೆವಿನಲ್ಲಿ ಆದ ಬದಲಾವಣೆ ರೋಗಿಗಿಂತ ಮೊದಲು ಜೊತೆಗಿದ್ದವರಿಗೆ ತಿಳಿದಿರುತ್ತದೆ. ಇನ್ನೊಂದು ಪುರಾವೆ ಪ್ರತಿ ಮನೆಯಲ್ಲೂ ಇದೆ. ಅದು ನಾಲ್ಕೈದು ವರ್ಷದ ಹಿಂದಿನ ಭಾವಚಿತ್ರ. ಮದುವೆಯದೋ ಜಾತ್ರೆಯದೋ, ಏನೂ ಸಿಗದಿದ್ದರೆ ಮತದಾರರ ಗುರುತಿನ ಚೀಟಿಯದಾದರೂ ಸರಿ. ಅದನ್ನು ವೈದ್ಯರ ಮೇಜಿನ ಮೇಲಿಟ್ಟು, ‘ಆಗ ಹೀಗಿದ್ದೆ, ಈಗ ಹೀಗಾಗಿದ್ದೇನೆ’ ಎಂದರೆ ಸಾಕು. ಗಲ್ ತನ್ನ ರೋಗಿಗಳಲ್ಲಿ ಕಂಡದ್ದೂ, ಫೆಚರೀನ್ ಆ ಹುಡುಗಿಯಲ್ಲಿ ಕಂಡದ್ದೂ ಇಷ್ಟನ್ನೇ.